ಕನ್ನಡಿಗೆ ಹಾಕಿದ ಟವಲು

“ಹದಿನಾಲ್ಕು ಚಕ್ರ ಸಾಲ್ದು ಅಂತ ಇನ್ನೆರಡನ್ನ ಬೆನ್ನಿಗೆ ಕಟ್ಕೊಂಡು ತಿರುಗ್ತೀಯಲ್ಲ ಸೈಕಲ್ಲಣ್ಣ, ಲಾರಿ ಕೆಟ್ಟು ನಿಂತ್ರೆ ಅದನ್ನ ಕ್ಯಾರಿಯರ್ ಮೇಲೆ ಇಟ್ಕೊಂಡು ಹೋಗೋದಕ್ಕಾ?” ಎಂದಳು ಟೀ ಅಂಗಡಿಯ ಅಕ್ಕ.

ಬೇರೆ ದಿನವಾಗಿದ್ದರೆ ಅವನು ಒಂದಕ್ಕೆ ಎರಡು ಸೇರಿಸಿ ತಿರುಗಿಸಿ ಕೊಡುತ್ತಿದ್ದ. ಇವತ್ತು ಅವನ ಕಣ್ಣು ಮುಂದಿನ ಲಾರಿಯ ಮೇಲೆ ನೆಟ್ಟಿತ್ತು. ಅದು ಎಲ್ಲರೂ ಮೀಸೆ ಅಂತ ಕರೆಯುವ ಡ್ರೈವರನ ಲಾರಿ. ಹೆದ್ದಾರಿಯಿಂದಲೇ ಅದರ ಹಿಂಭಾಗದ ಗುರುತು ಹಿಡಿದು, ಇನ್ನಿಬ್ಬರು ಡ್ರೈವರುಗಳ ಬೈಗುಳ ತಿಂದು, ನಡುವೆ ನುಗ್ಗಿ, ಸರಿಯಾಗಿ ಅದರ ಬೆನ್ನಿಗೇ ತನ್ನ ಲಾರಿ ತಂದು ನಿಲ್ಲಿಸಿದ್ದ. ಇಂಥ ಒಂದು ದಿನಕ್ಕಾಗಿ ಅವನು ವರ್ಷಗಳಿಂದ ಊರೂರು ಗೋದಾಮಿನ ಮುಂದೆ ಹೊಂಚು ಹಾಕಿದ್ದ.

ಗೋದಾಮಿನ ಗೇಟಿನ ಮುಂದೆ ಕಾಯುವ ಲಾರಿಗಳ ಈ ಸಾಲಿಗೆ ಒಂದು ಕಟ್ಟಳೆ ಇದೆ. ಗೇಟು ತೆರೆದಾಗ ಸೀಟಿನಲ್ಲಿ ಇಲ್ಲದವನ ಸರದಿ ಹೋದಂತೆಯೇ. ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು. ಆದರೆ ಮನುಷ್ಯ ಅಂದಮೇಲೆ ಸೀಟು ಬಿಟ್ಟು ಇಳಿಯುವ ಕೆಲಸ ಇದ್ದೇ ಇರುತ್ತದಲ್ಲ. ಆಗ ಪಕ್ಕದ ಕನ್ನಡಿಗೆ ಟವಲು ಹಾಕಿ, ಹಿಂದಿನ ಲಾರಿಯವನ ಕೈಗೆ ಕೀ ಕೊಟ್ಟು ಹೋಗುವುದು. ಸಾಲು ಸರಿದರೆ ಹಿಂದಿನವನೇ ಎರಡೂ ಲಾರಿಯನ್ನು ಮುಂದೆ ಸರಿಸಬೇಕು. ಹೆಂಡತಿಯನ್ನು ನಂಬದವನೂ ಟವಲನ್ನು ನಂಬುತ್ತಾನೆ.

ವರ್ಷಗಳ ಹಿಂದೆ ಇದೇ ಗೇಟಿನ ಮುಂದೆ, ತಾಯಿ ಊರೊಳಗಿನ ಆಸ್ಪತ್ರೆಯಲ್ಲಿ ಕೊನೆಯ ಉಸಿರು ಎಳೆಯುತ್ತಿದ್ದಾಗ, ಅವನು ಟವಲು ಹಾಕಿ ಹಿಂದಿದ್ದ ಮೀಸೆಯ ಕೈಗೆ ಕೀ ಕೊಟ್ಟಿದ್ದ. ನಡೆದೇ ಹೊರಟಿದ್ದ. ಗೇಟು ತೆರೆದದ್ದೇ ತಡ, ಮೀಸೆ ಇವನ ಲಾರಿಯನ್ನು ಸುತ್ತಿ ತನ್ನದನ್ನು ಮುಂದೆ ಹೊಡೆದು, ಇವನ ಕೀಯನ್ನು ಜೇಬಿನಲ್ಲೇ ಇಟ್ಟುಕೊಂಡು ಒಳಗೆ ಹೋದ. ಡ್ರೈವರಿಲ್ಲದ ಇವನ ಲಾರಿ ಅಡ್ಡವಾಗಿ ಹಿಂದಿನ ಸಾಲೆಲ್ಲ ನಿಂತುಹೋಯಿತು. ಧಣಿಯ ಫೋನು ಬಂತು: ಈಗಲೇ ವಾಪಸ್ ಹೋಗು, ಇಲ್ಲ ನಾಳೆಯಿಂದ ಬರಬೇಡ ಎಂದು. ಇವನು ಅರ್ಧ ದಾರಿಯಿಂದ ಓಡಿ ಬಂದ. ಕೀ ಕೈಗೆ ಸಿಕ್ಕುವ ಹೊತ್ತಿಗೆ ಸಂಜೆಯಾಗಿತ್ತು, ತಾಯಿ ಹೋಗಿಯಾಗಿತ್ತು.

ತಿಥಿ ಮುಗಿದ ಮೇಲೆ ಅವನು ಮೊದಲು ಮಾಡಿದ ಕೆಲಸವೆಂದರೆ ಒಂದು ಸೈಕಲ್ಲು ಕೊಂಡು ಕ್ಯಾಬಿನ್ನಿನ ಬೆನ್ನಿಗೆ ಹಗ್ಗದಲ್ಲಿ ಬಿಗಿದದ್ದು. ಇನ್ನು ಯಾರ ಕೈಗೂ ಕೀ ಕೊಡುವುದಿಲ್ಲ, ಹೋದ ಉಸಿರಲ್ಲೇ ಬರುತ್ತೇನೆ ಎಂದು. ಹೆಸರೂ ಹಾಗೇ ಅಂಟಿಕೊಂಡಿತು.

ಇವತ್ತು ಗೇಟಿಗೆ ಊಟದ ಬಿಡುವು ಬಿತ್ತು. ಅಷ್ಟರಲ್ಲಿ ಮೀಸೆ ಫೋನು ಕಿವಿಗೆ ಒತ್ತಿಕೊಂಡೇ ಕೆಳಗಿಳಿದ. ಮುಖ ಬಿಳಿಚಿತ್ತು. ಮಗಳ ಹೆರಿಗೆ ಕಷ್ಟವಾಗಿದೆ, ಇದೇ ಊರಿನ ಆಸ್ಪತ್ರೆ, ಆಪರೇಷನ್ನಿಗೆ ಒಳಗೆ ಹೋಗುವ ಮೊದಲು ಅಪ್ಪನನ್ನು ನೋಡಬೇಕು ಅಂತ ಅಳುತ್ತಿದ್ದಾಳೆ ಎಂದು ಎಲ್ಲರ ಮುಂದೆ ಹೇಳಿಕೊಂಡ. ಹಗಲು ಹೊತ್ತು ಲಾರಿಯನ್ನು ಊರೊಳಗೆ ಬಿಡುವುದಿಲ್ಲ. ಬಸ್ಸು ಸಂಜೆಗೆ. ಕೊನೆಗೆ ಅವನ ಕಣ್ಣು ಸೈಕಲ್ಲಿನ ಮೇಲೆ ಬಿತ್ತು, ಆಮೇಲೆ ಅದರ ಒಡೆಯನ ಮೇಲೆ.

ಇಲ್ಲ ಅನ್ನುವುದು ಸುಲಭವಿತ್ತು. ಆದರೆ ಬರೀ ಇಲ್ಲ ಅಂದರೆ ಹುಲಿಗೆ ಸೊಪ್ಪು ಹಾಕಿದ ಹಾಗೆ, ಹೊಟ್ಟೆ ತುಂಬುವುದಿಲ್ಲ. ಸೈಕಲ್ಲಣ್ಣ ಹಗ್ಗ ಬಿಚ್ಚಿ ಸೈಕಲ್ಲು ಇಳಿಸಿದ. ಮೀಸೆ ತನ್ನ ಕೆಂಪು ಚೌಕಳಿ ಟವಲನ್ನು ಕನ್ನಡಿಗೆ ಹಾಕಿದ. ಕೀ ಹಿಡಿದ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಹಿಂದಿನವನಿಗೇ ಕೊಡಬೇಕು. ಕೊಟ್ಟ.

ಸೈಕಲ್ಲು ಹತ್ತಿದವನು ನಾಲ್ಕು ಮಾರು ಹೋಗಿ ಧೊಪ್ಪನೆ ಬಿದ್ದ. ಎದ್ದು ಹತ್ತಿದ, ಮತ್ತೆ ಬಿದ್ದ. ಅಷ್ಟು ದೊಡ್ಡ ಗಾಡಿ ಓಡಿಸುವವನಿಗೆ ಇದು ಬರುವುದಿಲ್ಲವೇ ಎಂದು ಅಕ್ಕ ಬಾಯಿಗೆ ಸೆರಗು ಹಿಡಿದಳು.

“ನಿಲ್ಲಿಸಿದ್ರೆ ಬೀಳೋ ಗಾಡೀನ ನಾನು ಯಾವತ್ತೂ ನಂಬ್ದವನಲ್ಲಕ್ಕ,” ಎಂದ ಮೀಸೆ, ಮೊಣಕಾಲಿನ ಮಣ್ಣು ಕೊಡವುತ್ತ.

“ಹಿಂದೆ ಕೂತ್ಕೋ,” ಎಂದ ಸೈಕಲ್ಲಣ್ಣ.

ಅಷ್ಟು ಜನರ ಎದುರು ಮೀಸೆ ಮದುಮಗಳ ಹಾಗೆ ಒಂದೇ ಕಡೆ ಕಾಲು ಇಳಿಬಿಟ್ಟು ಕ್ಯಾರಿಯರ್ ಮೇಲೆ ಕೂತ. ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಚೊಚ್ಚಲ ಹೆರಿಗೆಯಂತೆ, ತಾಯಿಯಿಲ್ಲದ ಹುಡುಗಿಯಂತೆ. ನಿನ್ನ ಋಣ ಹೇಗೆ ತೀರಿಸಲಪ್ಪಾ ಅಂತ ಬೇರೆ. ಇವನು ಬಗ್ಗಿ ಪೆಡಲು ತುಳಿದ. ಸೇತುವೆಯ ನಡುಮಧ್ಯೆ ಬ್ರೇಕು ಹಿಡಿದ.

“ಇಳಿ.”

“ಚೈನ್ ಬಿತ್ತಾ?”

“ಅವತ್ತು ನಾನು ಇಲ್ಲೀವರೆಗೆ ಬಂದಿದ್ದೆ, ಮೀಸೆಯಣ್ಣ. ಧಣಿ ಫೋನ್ ಬಂದದ್ದು ಇಲ್ಲೇ. ಅಗೋ, ನೀರಿನ ಟ್ಯಾಂಕಿನ ಪಕ್ಕ ಆಸ್ಪತ್ರೆ ಕಾಣ್ತಿತ್ತು. ಕಣ್ಣಲ್ಲಿ ನೋಡಿ ತಿರುಗಿ ಓಡಿದೆ.”

ಮೀಸೆ ನಿಧಾನವಾಗಿ ಇಳಿದ. “ನಿಮ್ಮಮ್ಮನಿಗೆ ಅಷ್ಟು ಜೋರಾಗಿತ್ತು ಅಂತ ನನಗೆ ಗೊತ್ತಿರ್ಲಿಲ್ಲ ಕಣೋ.”

“ಕೀ ಕೊಡುವಾಗ ಹೇಳಿದ್ದೆ.”

ಮೀಸೆ ಕ್ಯಾರಿಯರ್ ಬಿಟ್ಟು ಸೇತುವೆಯ ಕಟ್ಟೆ ಹಿಡಿದುಕೊಂಡ.

“ಹೌದು, ಹೇಳಿದ್ದೆ ನೀನು,” ಎಂದ. “ಮಗಳು ಕಾಯ್ತಿದ್ದಾಳೆ ತಮ್ಮಾ.”

“ನಮ್ಮಮ್ಮನೂ ಕಾಯ್ತಿದ್ಲು. ನಡ್ಕೊಂಡು ಹೋಗು.”

ಕಾಲು ಹಿಡಿಯುತ್ತಾನೆ, ಅಳುತ್ತಾನೆ ಎಂದು ಇವನು ಕಾದ. ಮೀಸೆ ಅಳಲಿಲ್ಲ. ಪಂಚೆ ಎತ್ತಿ ಕಟ್ಟಿ ನಾಲ್ಕು ಹೆಜ್ಜೆ ಹೋಗಿ, ತಿರುಗಿ ನಿಂತ.

“ಕೀ ನಿನ್ನ ಹತ್ರಾನೇ ಇರ್ಲಿ. ಏನು ಮಾಡ್ಬೇಕು ಅಂತಿದ್ದೀಯೋ ಅದನ್ನೂ ಮಾಡ್ಬಿಡು,” ಎಂದು ಹೇಳಿ, ಆ ದಪ್ಪ ಮೈಯನ್ನು ಎಳೆದುಕೊಂಡು ಓಡತೊಡಗಿದ.

ವಾಪಸ್ ಬರುವಾಗ ಸೈಕಲ್ಲು ಹಗುರಾಗಿತ್ತು. ಎದುರಿಗೆ ನರಪಿಳ್ಳೆಯೂ ಇಲ್ಲದ ರಸ್ತೆಯಲ್ಲಿ ಅವನು ಒಂದು ಸಲ ಬೆಲ್ ಹೊಡೆದ. ಬರುವಷ್ಟರಲ್ಲಿ ಗೇಟು ತೆರೆದಿತ್ತು, ಮುಂದಿನ ಲಾರಿಗಳು ಸರಿದಿದ್ದವು, ಹಿಂದಿನವರು ಹಾರನ್ ಒತ್ತುತ್ತಿದ್ದರು. ಸೈಕಲ್ಲನ್ನು ಹಗ್ಗಕ್ಕೆ ಸಿಕ್ಕಿಸಿ ತನ್ನ ಲಾರಿ ಹತ್ತಿದ. ಮೀಸೆಯ ಕೀ ತೊಡೆಗೆ ಚುಚ್ಚಿತು. ಜೇಬಿಗೆ ಕೈ ಹಾಕಲಿಲ್ಲ. ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ಎಳೆದು, ಮೀಸೆಯ ಲಾರಿಯನ್ನು ಸವರಿಕೊಂಡೇ ಸುತ್ತಿ ಮುಂದೆ ಹೋದ. ಅವನ ಲಾರಿಯ ಕನ್ನಡಿ ತಾಕಿ ಮೀಸೆಯ ಕೆಂಪು ಚೌಕಳಿ ಟವಲು ನೆಲಕ್ಕೆ ಬಿತ್ತು. ಹಿಂದಿನ ಲಾರಿಯೂ ಅವನ ಜಾಡನ್ನೇ ಹಿಡಿದು ಬರುತ್ತ, ಅದರ ಮೇಲೆ ಚಕ್ರ ಹಾಯಿಸಿತು.