ತೆರೆಯಿಲ್ಲದ ಜಾಗ

ಮಣ್ಣು ಮಾಡಿ ಬಂದ ಆರನೆಯ ದಿನ, ಮಂಗಳವಾರ ಬೆಳಿಗ್ಗೆ, ಬೀದರಿನ ಚಿದ್ರಿಯ ಮನೆಯಲ್ಲಿ ನಾನೂ ಅತ್ತೆಯೂ ಇಬ್ಬರೇ ಉಳಿದಿದ್ದೆವು. ಬಾಗಿಲಲ್ಲಿ ನೆಂಟರ ಚಪ್ಪಲಿಗಳಿರಲಿಲ್ಲ. ನಳದಲ್ಲಿ ನೀರು ಬಂತು, ತುಂಬಿದೆ. ಹಾಲಿನ ಮಕ್ಬೂಲ ಬಂದು, "ಎಷ್ಟು ಹಾಕ್ಲಿರಿ ಭಾಭಿ?" ಎಂದ.

"ಅರ್ಧ ಲೀಟರ್," ಎಂದೆ.

ಅವನು ಮಾಪು ಹಿಡಿದು ಒಂದು ಕ್ಷಣ ನಿಂತ. ಆಮೇಲೆ ಅಳೆದು ಸುರಿದ. ಹಿಂದೆ ನಾವು ಒಂದು ಲೀಟರ್ ಹಾಕಿಸಿಕೊಳ್ಳುತ್ತಿದ್ದೆವು.

ಚಹಾಕ್ಕಿಟ್ಟು ಹಿತ್ತಿಲಿಗೆ ಹೋದೆ. ಬಚ್ಚಲಿನ ಗೋಡೆಗೆ ಆ ಟ್ಯೂಬ್ ಒರಗಿತ್ತು. ಲಾರಿ ಗಾಲಿಯೊಳಗಿನ ಕರಿ ರಬ್ಬರಿನ ಟ್ಯೂಬ್. ಗಾಳಿ ಅರ್ಧ ಇಳಿದಿತ್ತು. ಸುಕ್ಕಿನೊಳಗೆ ಇನ್ನೂ ಮರಳಿತ್ತು. ಬೆರಳಿಗೆ ಅಂಟಿಸಿಕೊಂಡು ನೋಡಿದೆ. ನಮ್ಮೂರಿನ ಮಣ್ಣು ಕೆಂಪು. ಇದು ಬೂದಿ ಬಣ್ಣದ್ದು.

"ಅದಕ ಮುಟ್ಟಬ್ಯಾಡ," ಎಂದು ಅತ್ತೆ ಕೌಸಲ್ಯಾಬಾಯಿ ಒಳಗಿನಿಂದಲೇ ಹೇಳಿದರು. "ಶುಕ್ರವಾರ ಠಾಣಾಕ್ಕ ಒಯ್ಯೋದದ."

ನನ್ನ ಗಂಡ ಸುಶೀಲಕುಮಾರ ಮತ್ತು ಅವನ ಸಾಲೆಯ ಗೆಳೆಯ ಮಕರಂದ ಮೂರು ದಿನಕ್ಕೆಂದು ಕೊಂಕಣದ ಕಡಲಿಗೆ ಹೋಗಿದ್ದರು. ಇಬ್ಬರೂ ಸಮುದ್ರ ನೋಡಿದವರಲ್ಲ. ಸುಶೀಲ ತನ್ನ ಹಳ್ಳಿ ಡಾಬಕಾದ ಹೊಲದ ಬಾವಿಯಲ್ಲಿ ಈಜು ಕಲಿತವನು; ಬಾವಿಯ ತಳದಿಂದ ಕೊಡ ಎತ್ತಿ ತರುತ್ತಿದ್ದ. ಮಕರಂದನಿಗೆ ಈಜು ಬರುತ್ತಿರಲಿಲ್ಲ. ಅವನಿಗಾಗಿಯೇ ಸುಶೀಲ ನಮ್ಮ ಓಣಿಯ ತುದಿಯ ಪಂಚರ್ ಅಂಗಡಿ ಅಯ್ಯುಬನಿಂದ ಈ ಟ್ಯೂಬ್ ಕೇಳಿ ತಂದಿದ್ದ. ಕಡಲಿನಿಂದ ಜೀವಂತ ಬಂದವನು ಮಕರಂದ. ಶವ ತಂದ ಗಾಡಿಯಲ್ಲೇ ಟ್ಯೂಬೂ ಬಂತು.

ಅತ್ತೆಗೆ ಅಷ್ಟು ಸಾಕಾಯಿತು. ಈಜು ಬಲ್ಲವನು ಮುಳುಗುವುದಿಲ್ಲ, ಬಾರದವನು ಉಳಿಯುವುದಿಲ್ಲ. ಹಾಗಾದರೆ ಮಕರಂದ ಟ್ಯೂಬ್ ಕಸಿದುಕೊಂಡಿದ್ದಾನೆ. ಅಲ್ಲಿಯ ಪೊಲೀಸರು ಆಕಸ್ಮಿಕ ಎಂದು ಬರೆದದ್ದನ್ನು ಅವರು ನಂಬಲಿಲ್ಲ. ಡಾಬಕಾದ ಹಿರಿಯರು ಶುಕ್ರವಾರ ಬೀದರಿಗೆ ಬರುವವರಿದ್ದರು. ದೂರಿಗೆ ನನ್ನ ಸಹಿ ಬೇಕಿತ್ತು.

ನನಗೆ ಅಳು ಬರುತ್ತಿರಲಿಲ್ಲ. ಸಿಟ್ಟೂ ಇರಲಿಲ್ಲ. ಇದ್ದದ್ದು ಒಂದು ಪ್ರಶ್ನೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನೀರಿಗೆ ಯಾರ ಮೇಲೂ ದ್ವೇಷವಿಲ್ಲ. ಎಲ್ಲಿಂದಲೋ ಬಂದದ್ದು ಎಲ್ಲಿಗೋ ಹೋಗಬೇಕು, ಅಷ್ಟೇ. ಆ ದಿನ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

ಚಹಾ ಕುಡಿದು ಭಾಲ್ಕಿಯ ಬಸ್ಸು ಹತ್ತಿದೆ.

ಸ್ಟೇಷನ್ ರಸ್ತೆಯಲ್ಲಿ ಮಕರಂದನ ಫೋಟೋ ಸ್ಟುಡಿಯೋ. ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಅವನು ಎದ್ದು ಕುರ್ಚಿ ಒರೆಸಿದ, ಮತ್ತೊಮ್ಮೆ ಒರೆಸಿದ.

"ವೈನಿ, ನೀವು ಬರ್ತೀರಿ ಅಂದ್ಕೊಂಡಿರ್ಲಿಲ್ಲ. ಪೊಲೀಸರು ಬರ್ತಾರಂತ ಕುಂತಿದ್ದೆ."

"ದೂರು ಶುಕ್ರವಾರ ಕೊಡೋದದ. ಅದಕ್ಕೂ ಮುಂಚೆ ನನಗ ಕೇಳೋದದ. ಮಾಫಿ ಗೀಫಿ ಬ್ಯಾಡ. ನೀರು ಹ್ಯಾಂಗಿತ್ತು ಹೇಳ್ರಿ."

"ನೀರು ಹ್ಯಾಂಗಿತ್ತಂದ್ರ?"

"ಎಲ್ಲಿ ಇಳಿದ್ರಿ? ತೆರಿ ಎಷ್ಟು ದೊಡ್ಡವಿದ್ವು?"

"ಅಲ್ಲಿ ತೆರಿ ಇರ್ಲೇ ಇಲ್ಲ ವೈನಿ. ಅದಕ್ಕೇ ಅಲ್ಲಿ ಇಳಿದ್ವಿ."

ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ತಂಗಿದ್ದ ಮನೆಯ ಮಾಳಿಗೆಯಿಂದ ಬೆಳಿಗ್ಗೆ ತೆಗೆದದ್ದು. ಸುಶೀಲ ಬೆನ್ನು ತಿರುಗಿಸಿ, ಬೆರಳು ಚಾಚಿ ನಿಂತಿದ್ದಾನೆ. ಅವನ ಎಡಕ್ಕೂ ಬಲಕ್ಕೂ ದಂಡೆಯುದ್ದ ಬಿಳಿ ನೊರೆ, ಒಡೆಯುತ್ತಿರುವ ತೆರೆಗಳು. ಬೆರಳು ತೋರುತ್ತಿದ್ದ ಕಡೆ ಮಾತ್ರ ನೊರೆಯಿಲ್ಲ. ಅಲ್ಲಿ ನೀರು ಸಪಾಟಾಗಿ, ಕಡು ಬಣ್ಣದ್ದಾಗಿ, ಒಂದು ಓಣಿಯ ಹಾಗೆ ಒಳಕ್ಕೆ ಹೋಗಿತ್ತು.

"'ನೋಡು, ನಮ್ಮ ಬಾವಿ ಇದ್ದಂಗ ಅದ, ಇಲ್ಲೇ ಇಳಿಯೋಣ' ಅಂದ," ಎಂದ ಮಕರಂದ.

"ಯಾರೂ ಬ್ಯಾಡ ಅನ್ನಲಿಲ್ಲೇನು?"

"ಯಾರೂ ಇರ್ಲಿಲ್ಲ. ಒಂದು ಕೆಂಪು ಬಾವುಟ ಹುಗಿದಿದ್ರು. ಯಾವುದೋ ಪಾರ್ಟಿದು ಅಂದ್ಕೊಂಡ್ವಿ. 'ಇಲ್ಲೂ ಇಲೆಕ್ಷನ್ ಬಂತೇನಪ್ಪಾ' ಅಂತ ಅಂವ ನಕ್ಕ."

ಮಕರಂದನೂ ನಗಲು ಹೋದ. ಆಗಲಿಲ್ಲ.

"ನಾ ಟ್ಯೂಬಿನ್ಯಾಗ ಕುಂತಿದ್ದೆ, ಅಂವ ಹಿಂದಿನಿಂದ ನೂಕ್ತಿದ್ದ. ಟಿಕೀಟು ತಗೊಂಡಿಯೇನೋ ಅಂತ ಕಾಡಿಸ್ತಿದ್ದ. ಮೊಣಕಾಲಿನಷ್ಟು ನೀರು. ಆಮ್ಯಾಲ ನೋಡಿದ್ರ ಕಾಲಿಗಿ ನೆಲ ಇಲ್ಲ. ದಂಡಿ ಹಿಂದ ಹಿಂದಕ್ಕ ಸರೀಲಕತ್ತಿತ್ತು. ನಾವು ಕೈ ಸುದ್ದಾ ಆಡಿಸಿರ್ಲಿಲ್ಲ."

"ಅವರು ಏನಂದ್ರು?"

"'ನೀ ಹಿಡ್ಕೊಂಡು ಬಿದ್ದಿರು, ಬಿಡಬ್ಯಾಡ. ನಾ ದಂಡಿಗಿ ಹೋಗಿ ಹಗ್ಗ ತರ್ತೇನಿ' ಅಂದ. ನೀನೂ ಹಿಡಿಯೋ ಅಂದೆ. 'ನನಗ್ಯಾಕೋ ಟ್ಯೂಬು' ಅಂದ, ವೈನಿ. ಇಷ್ಟು ನೀವು ನಂಬ್ರಿ, ಬಿಡ್ರಿ."

"ಯಾವ ಕಡಿಗಿ ಈಸಿದ್ರು?"

"ಸೀದಾ. ದಂಡಿ ಕಡಿಗಿ."

"ದಂಡಿ ಹತ್ರ ಆಯ್ತೇನು?"

"ಕೈ ಹೊಡಿತಿದ್ದ, ಹೊಡಿತಿದ್ದ, ಇದ್ದಲ್ಲೇ ಇದ್ದ. ನಾ ದೂರ ಹೊಂಟಿದ್ದೆ. ಆಮ್ಯಾಲ ಅವನ ತಲಿ ಕಾಣ್ಲಿಲ್ಲ."

"ನೀವು?"

"ನಾ ಸತ್ತೆ ಅಂತೇ ತಿಳಿದೆ. ತೆರಿ ಒಡಿಯೋ ಜಾಗಾ ದಾಟಿದ ಮ್ಯಾಲ ನೀರು ತಾನೇ ಬಿಟ್ಟುಬಿಡ್ತು. ಜಗ್ಗೋದು ನಿಂತ್ತು. ಹಂಗೇ ಬಾಜೂಕ ಸರಕೋಂತ ಹೋದೆ. ಅಲ್ಲಿ ತೆರಿ ದೊಡ್ಡವಿದ್ವು. ಅವೇ ನನಗ ದಂಡಿಗಿ ತಂದು ಒಗದ್ವು. ಒಬ್ಬ ಮುದುಕ ಮೀನುಗಾರ ಎತ್ತಿ ಕೂಡಿಸಿ ಮರಾಠಿಯಾಗ ಬೈದ. ತೆರಿ ಇಲ್ಲದ ಜಾಗಾ ಅಂದ್ರ ಸಮುದ್ರಾ ವಾಪಸ ಹೋಗೋ ದಾರಿ, ಅಷ್ಟೂ ಗೊತ್ತಿಲ್ಲೇನು ಅಂದ."

ಆ ಓಣಿ ಎಷ್ಟು ಅಗಲವಿತ್ತು ಎಂದು ಕೇಳಿದೆ. ಇಪ್ಪತ್ತು ಮಾರು ಇರಬಹುದು ಎಂದ. ಫೋಟೋ ನನ್ನ ಮೊಬೈಲಿಗೆ ಕಳಿಸಿಕೊಂಡೆ.

ಬಸ್ಸಿನಲ್ಲಿ ಅದನ್ನೇ ನೋಡುತ್ತ ಬಂದೆ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬಸ್ಸು ನಿಧಾನವಾಗಿ ಹೋಗುತ್ತಿತ್ತು. ದಂಡೆಯ ಮುಂದೆ ನೀರೊಳಗೆ ಮರಳಿನ ದಿನ್ನೆ ಇರಬೇಕು. ಆಳ ಕಡಿಮೆಯಾದಲ್ಲಿ ತೆರೆ ಒಡೆಯುತ್ತದೆ, ಅದಕ್ಕೇ ಬಿಳಿ ನೊರೆ. ಒಡೆದ ನೀರೆಲ್ಲ ದಿನ್ನೆ ದಾಟಿ ದಂಡೆಗೆ ಬರುತ್ತದೆ. ಬಂದದ್ದು ಹೋಗಬೇಕು. ದಿನ್ನೆ ಎಲ್ಲಿ ಕಡಿದಿದೆಯೋ ಅಲ್ಲಿ ನುಗ್ಗಿ ಹೋಗುತ್ತದೆ. ಅಲ್ಲಿ ಆಳ ಹೆಚ್ಚು, ಅದಕ್ಕೇ ತೆರೆ ಒಡೆಯುವುದಿಲ್ಲ, ಅದಕ್ಕೇ ಶಾಂತವಾಗಿ ಕಾಣುತ್ತದೆ. ಆ ಸೆಳೆತದ ಎದುರು ಯಾರೂ ಈಜಲಾರರು. ಅದು ಕೆಳಕ್ಕೆ ಎಳೆಯುವುದಿಲ್ಲ, ದೂರ ಒಯ್ಯುತ್ತದೆ, ಅಷ್ಟೇ. ಒಯ್ದು ಬಿಡುತ್ತದೆ. ಮುಳುಗಿಸಿದ್ದು ದಣಿವು.

ಲೆಕ್ಕ ಸರಿಹೋಯಿತು ಎಂದು ಒಂದು ಕ್ಷಣ ಹಗುರವಾಯಿತು. ಆಮೇಲೆ ಇನ್ನೊಂದು ನೆನಪಾಯಿತು. ಸುಶೀಲನಿಗೆ ಈಜು ಕಲಿಸಿದವರು ಮಾವ. ಮದುವೆಯಾದ ಹೊಸತರಲ್ಲಿ ಬಾವಿಯ ಕಟ್ಟೆಯ ಮೇಲೆ ಕುಳಿತು ಅವನು ನನಗೆ ಹೇಳಿದ್ದ: ಅಪ್ಪ ಕಲಿಸಿದ್ದು ಒಂದೇ ಪಾಠ, ದಣಿದರೆ ಸೀದಾ ಮೆಟ್ಟಿಲಿನ ಕಡೆ ಹೊಡಿ. ಮಕರಂದನ ಮೇಲಿನಿಂದ ಎತ್ತಿದ ತಪ್ಪನ್ನು ನಾನು ಎಲ್ಲಿ ಇಳಿಸುತ್ತೇನೆ?

ಮರುದಿನ ಅತ್ತೆ ಹಿರಿಯರಿಗೆ ಶುಕ್ರವಾರದ ಮಾತು ನೆನಪಿಸಿ ಬರಲು ಡಾಬಕಾಕ್ಕೆ ಹೊರಟರು. ನಾನೂ ಹೋದೆ. ಮಾವ ನರಸಿಂಗ ಹೊಲದಲ್ಲಿ ಉಳ್ಳಾಗಡ್ಡಿಯ ಮಡಿಗಳಿಗೆ ನೀರು ಬಿಡುತ್ತಿದ್ದರು. ಮಗನನ್ನು ಮಣ್ಣು ಮಾಡಿದ ಜಾಗ ಅಲ್ಲಿಂದ ಕಾಣುತ್ತಿತ್ತು. ಅತ್ತ ಬೆನ್ನು ಮಾಡಿ ನಿಂತಿದ್ದರು.

"ಮಾಮಾ, ನನಗೊಂದು ಖಾಲಿ ಮಡಿ ಬೇಕ್ರಿ. ನೀರು ತುಂಬಿ ಕೊಡ್ರಿ."

ಯಾಕೆಂದು ಕೇಳಲಿಲ್ಲ. ಸಲಿಕೆಯಿಂದ ಒಂದು ಕಡೆ ಕಡಿದು ನೀರು ತಿರುಗಿಸಿದರು. ನಾನು ಸೀರೆ ಎತ್ತಿಕಟ್ಟಿ ಇಳಿದೆ. ಮಡಿಯ ಅಡ್ಡಕ್ಕೆ, ನೀರಿನ ಮಟ್ಟಕ್ಕಿಂತ ಎರಡು ಬೆರಳು ಕೆಳಗೆ ನಿಲ್ಲುವಂತೆ, ಕೆಸರಿನ ದಿಂಡು ಕಟ್ಟಿದೆ. ನಡುವೆ ಒಂದು ಗೇಣು ಬಿಟ್ಟೆ. ಆಮೇಲೆ ಮೊರ ತಗೊಂಡು ನೀರನ್ನು ದಿಂಡಿನತ್ತ ನೂಕತೊಡಗಿದೆ.

"ಎಂ.ಎಸ್ಸಿ. ಓದಿದ್ದು ಇದಕ್ಕೇನವ್ವಾ," ಎಂದರು ಅತ್ತೆ ಬದುವಿನ ಮೇಲಿಂದ. "ಮಂದಿ ನೋಡಿದ್ರ ತಲಿ ಕೆಟ್ಟದ ಅಂತಾರ. ಬಾ ಮ್ಯಾಲ."

"ಸ್ವಲ್ಪ ತಡೀರಿ ಅತ್ತಿ. ನನಗೂ ನೋಡೋದದ."

ಖರೆ ನೋಡುವುದಿತ್ತು. ಮೊದಲು ಏನೂ ಆಗಲಿಲ್ಲ. ನೀರು ಕಲಕಿತು, ಅಷ್ಟೇ. ಮೊರ ನೂಕುವ ಲಯ ಸಿಕ್ಕ ಮೇಲೆ ದಿಂಡಿನುದ್ದಕ್ಕೂ ಸಣ್ಣ ತೆರೆಗಳು ಹತ್ತಿ ದಾಟಿದವು. ಆಚೆ ನೀರು ಏರಿತು. ನಡುವಿನ ಸಂದಿನಲ್ಲಿ ಮಾತ್ರ ತೆರೆ ಏಳಲಿಲ್ಲ. ಮೇಲೆ ನೋಡಿದರೆ ಕನ್ನಡಿಯ ಹಾಗಿತ್ತು. ಅದರ ಮೇಲೆ ಒಂದು ಹಿಡಿ ತೊಗರಿ ಹೊಟ್ಟು ಚೆಲ್ಲಿದೆ. ಹೊಟ್ಟು ಒಮ್ಮೆಲೇ ಸಾಲುಗಟ್ಟಿ, ನನ್ನ ಮೊರದತ್ತ, ತೆರೆಗಳಿಗೆ ಎದುರಾಗಿ ಓಡಿಬಂತು. ಎರಡು ಮೊಳ ಬಂದು, ಹರಡಿ, ನಿಂತಿತು. ಆಶ್ಚರ್ಯವೆಂದರೆ ನಾನು ಗೇಣು ಬಿಟ್ಟಿದ್ದ ಸಂದಿ ತಾನೇ ಕೊರೆದುಕೊಂಡು ಆಳವಾಗಿತ್ತು.

ಮಾವ ಸಲಿಕೆ ಇಟ್ಟು ಕುಕ್ಕರಗಾಲಲ್ಲಿ ಕುಳಿತರು. "ಬದು ಒಡದಂಗ," ಎಂದರು. "ಬರೋದು ಎಲ್ಲಾ ಕಡಿಯಿಂದ, ಹೋಗೋದು ಒಂದೇ ಬಾಯಿಲಿಂದ."

"ಹೌದ್ರಿ. ಅವರು ಇಳಿದದ್ದು ಇಲ್ಲಿ." ಸಂದಿಯನ್ನು ತೋರಿಸಿದೆ. ಮೊಬೈಲಿನ ಫೋಟೋವನ್ನೂ ತೋರಿಸಿದೆ. ಅತ್ತೆ ಬದು ಇಳಿದು ಬಂದು ಮಗನ ಬೆನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಬಾಜೂಕ ಸರಿದ್ರ?" ಎಂದು ಮಾವ ಕೇಳಿದರು.

"ಸೆಳವು ಬಿಡ್ತದ. ಸುಮ್ಮ ತೇಲಿದ್ರೂ ಬಿಡ್ತದ. ಮಕರಂದ ಏನೂ ಮಾಡ್ಲಿಲ್ಲ, ಟ್ಯೂಬು ಹಿಡ್ಕೊಂಡು ತೇಲಿದ. ಅದು ಅವನ ಸಲುವಾಗೇ ತಂದದ್ದು."

"ನನ್ನ ಮಗ ಯಾ ಕಡಿಗಿ ಈಸಿದ?"

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಸುಳ್ಳು ಹೇಳಬಹುದಿತ್ತು. "ಸೀದಾ," ಎಂದೆ. "ದಂಡಿಗಿ."

ಮಾವ ಬಾವಿಯ ಕಡೆ ತಿರುಗಿದರು. "ನಾನೇ ಕಲಿಸಿದ್ದು. ದಣಿದ್ರ ಸೀದಾ ಮೆಟ್ಲಕ್ಕ ಹೊಡಿ, ಆಚೀಚಿ ನೋಡಬ್ಯಾಡ ಅಂತ."

ಮೊರದಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಅತ್ತೆ ಮೊದಲು ಮಾತಾಡಿದರು.

"ಬಾವ್ಯಾಗ ಅದೇ ಖರೆ. ಬಾವಿ ನೀರು ಎಲ್ಲಿಗಿ ಹೋಗ್ತದ? ನೀವೇನು ಸಮುದ್ರಾ ನೋಡಿದ್ರೇನು ಕಲಿಸ್ಲಕ?" ಬೈಗುಳದ ದನಿಯಲ್ಲೇ ಹೇಳಿದರು. ಅವರಿಗೆ ಬೇರೆ ದನಿ ಸಿಗಲಿಲ್ಲ. ಬಳಿಕ ನನ್ನತ್ತ ತಿರುಗಿದರು. "ಖರೆ ಹೇಳು. ಅಂವ ಟ್ಯೂಬು ಬ್ಯಾಡ ಅಂದನೇನು?"

"'ನನಗ್ಯಾಕೋ ಟ್ಯೂಬು' ಅಂದ್ರಂತ."

ಅತ್ತೆ ಮೊಬೈಲನ್ನು ನನ್ನ ಕೈಗೆ ಕೊಟ್ಟರು. "ಅಂದಿರ್ತಾನ. ಏಳು ವರ್ಷದಾಂವ ಇದ್ದಾಗ, ತೇಲ್ಲಿ ಅಂತ ಬೆನ್ನಿಗಿ ಕಟ್ಟಿದ ಒಣ ಸೋರಿಕಾಯಿ ಬುರುಡಿ ಬಿಚ್ಚಿ ಒಗದು ಬಾವಿಗಿ ಜಿಗಿದಿದ್ದ. ಕಟ್ಟಿದಾಕಿ ನಾನೇ."

ಅಂದು ಅವರು ಹಿರಿಯರ ಮನೆಗೆ ಹೋದರು. ಏನು ಹೇಳಿದರೋ ನಾನು ಕೇಳಲಿಲ್ಲ.

ಶುಕ್ರವಾರ ಯಾರೂ ಬರಲಿಲ್ಲ. ಹತ್ತು ಗಂಟೆಗೆ ಹಿತ್ತಿಲಿನಲ್ಲಿ ನೀರಿನ ಸದ್ದಾಯಿತು. ಅತ್ತೆ ಟ್ಯೂಬ್ ತೊಳೆಯುತ್ತಿದ್ದರು. ಸುಕ್ಕುಗಳನ್ನು ಬಿಡಿಸಿ ಬಿಡಿಸಿ ಮರಳು ತೆಗೆದರು. ಸೆರಗಿನಿಂದ ಒರೆಸಿದರು.

"ಮಂದಿ ಸಾಮಾನು ಎಷ್ಟು ದಿನ ಇಟ್ಕೋತಿ? ಕೊಟ್ಟು ಬಾ," ಎಂದರು. ನಾನು ಗೇಟು ದಾಟಿದ ಮೇಲೆ ಹಿಂದಿನಿಂದ ಇನ್ನೊಂದು ಮಾತು ಬಂತು. "ಭಾಲ್ಕಿಯವನಿಗಿ ಫೋನು ಹಚ್ಚು. ಒಂದು ದಿನ ಬಂದು ಊಟ ಮಾಡಿ ಹೋಗು ಅನ್ನು."

ಅಯ್ಯುಬ ಬೈಕೊಂದರ ಗಾಲಿ ಬಿಚ್ಚುತ್ತ ಕುಳಿತಿದ್ದ. ನನ್ನನ್ನು ಕಂಡು ಎದ್ದ.

"ಭಾಭಿ, ನಾ ಕೇಳಿದ್ದೆನೇನ್ರಿ? ಯಾಕ ತರ್ಲಕ ಹೋದ್ರಿ?"

"ನಿಮ್ಮದು. ಮೂರು ದಿನಕ್ಕಂತ ತಂದಿದ್ರು. ತಡಾ ಆಯ್ತು."

ಅವನು ಟ್ಯೂಬ್ ತಗೊಂಡ. ಏನು ಮಾಡಬೇಕೋ ತಿಳಿಯದೆ, ರೂಢಿಯಂತೆ ಗಾಳಿ ತುಂಬಿ ಕಬ್ಬಿಣದ ಬಾಣಲೆಯ ನೀರಿಗೆ ಅದ್ದಿದ. ಸುತ್ತ ತಿರುಗಿಸುತ್ತ ಅದ್ದಿದ. ನಾನೂ ಬಗ್ಗಿ ನೋಡಿದೆ. ಒಂದೂ ಗುಳ್ಳೆ ಬರಲಿಲ್ಲ.

"ಚೊಲೋ ಅದರಿ," ಎಂದ, ಮೆಲ್ಲಗೆ. ಸ್ವಲ್ಪ ತಡೆದು, "ಇನ್ನ ಯಾರಾರ ಸಮುದ್ರಕ್ಕಂತ ಕೇಳಿದ್ರ ಕೊಡೂದಿಲ್ಲ ಬಿಡ್ರಿ," ಎಂದ.

"ಕೊಡ್ರಿ. ಕೊಡುವಾಗ ಹೇಳಿ ಕೊಡ್ರಿ. ಕೆಂಪು ಬಾವುಟ ಇದ್ರ ಇಳೀಬಾರ್ದು. ತೆರಿ ಇಲ್ಲದ ಜಾಗಾದಾಗ ಇಳೀಬಾರ್ದು. ಸೆಳವು ಹಿಡದ್ರ ದಂಡಿಗಿ ಈಸಬಾರ್ದು. ಸುಮ್ಮ ತೇಲಬೇಕು, ಕೈ ಎತ್ತಿ ಕರೀಬೇಕು, ಬಾಜೂಕ ಸರೀಬೇಕು. ತೆರಿ ಒಡಿಯೋ ಕಡಿಯಿಂದ ಹೊರಗ ಬರಬೇಕು."

"ತೆರಿ ಇದ್ದಲ್ಲಿಂದ ಬರಬೇಕು? ಉಲ್ಟಾ ಆಯ್ತಲ್ರಿ ಭಾಭಿ."

"ಹೌದ್ರಿ, ಉಲ್ಟಾನೇ."

ಅವನು ತುಟಿಯಲ್ಲೇ ಒಂದು ಸಲ ಹೇಳಿಕೊಂಡ. ಅಂಗಡಿಯ ಗೋಡೆಯಲ್ಲಿ ಸಾಲಾಗಿ ಮೊಳೆಗಳಿದ್ದವು. ಎಲ್ಲದರ ಮೇಲೂ ಟ್ಯೂಬುಗಳು. ನಡುವಿನ ಒಂದು ಮೊಳೆ ಖಾಲಿಯಿತ್ತು. ಅದಕ್ಕೆ ತೂಗುಹಾಕಿದ.