ನಲವತ್ತು ಚೀಟಿ, ಒಂದು ಕೋಣೆ

ಸಮಸ್ತ ಓದುಗ ಮಹಾಶಯರ ಅವಗಾಹನೆಗೆ ತರೋದೇನಂದ್ರೆ, ನಮ್ಮ ಕಾಲೇಜಿನ ಸಾಹಿತ್ಯ ಪತ್ರಿಕೆಯ ಕಚೇರಿ ಬಾಗಿಲಿಗೆ ಕೊನೆಗೂ ಒಂದು ಚಿಲಕ ಬಂದಿದೆ. ಒಳಗಡೆಯಿಂದ ಹಾಕೋ ಚಿಲಕ. ಈ ಐತಿಹಾಸಿಕ ಘಟನೆ ಮಂಗಳವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಜರುಗಿತು. ಸಂಪಾದಕಿ ಸ್ವಹಸ್ತದಿಂದ ಮೂರು ಸಲ ಹಾಕಿ, ಮೂರು ಸಲ ತೆಗೆದು ಲೋಕಾರ್ಪಣೆ ಮಾಡಿದ್ಲು. ಉಪಸಂಪಾದಕನಾದ ನಾನು ಚಪ್ಪಾಳೆ ತಟ್ಟಿದೆ. ಸಭಿಕರು ಅಷ್ಟೇ.

ಅರ್ಧ ಗಂಟೆ ಕಳೆಯೋದ್ರೊಳಗೆ ಅದೇ ಬಾಗಿಲ ಹೊರಮೈಗೆ ಕಾಲೇಜು ಆಫೀಸಿನೋರ ಒಂದು ನೋಟಿಸು ಅಂಟ್ಕೊಂಡಿತ್ತು. ಒಳಗೆ ನಮ್ಮ ಚಿಲಕ, ಹೊರಗೆ ಅವರ ಕೈಚಳಕ.

ನೋಟಿಸಿನ ಸಾರ ಇಷ್ಟು. ಹದಿನಾಲ್ಕನೇ ನಿಯಮದ ಪ್ರಕಾರ ಪ್ರತಿ ವಿದ್ಯಾರ್ಥಿ ಸಂಘವೂ ವರ್ಷಕ್ಕೊಂದು ಸಲ ‘ಸಮುದಾಯದ ಸಹಭಾಗಿತ್ವ’ ತೋರಿಸ್ಬೇಕು. ಪತ್ರಿಕೆ ಮಟ್ಟಿಗೆ ಹೇಳೋದಾದ್ರೆ, ಕಾಲೇಜಿಗೆ ಸಂಬಂಧವಿಲ್ಲದ ನಲವತ್ತು ಜನ ಒಂದೇ ಕಾರ್ಯಕ್ರಮಕ್ಕೆ ಬರಹ ಕೊಟ್ಟು, ಆಮೇಲೆ ಫಾರಮ್ಮಿಗೆ ಸಹಿ ಹಾಕ್ಬೇಕು. ತಿಂಗಳ ಕೊನೇ ದಿನ ಸಂಜೆ ಐದರೊಳಗೆ ಅಷ್ಟಾಗದಿದ್ರೆ ಮಾನ್ಯತೆ ರದ್ದು, ಪತ್ರಿಕೆ ಬಂದ್, ಕೋಣೆ ಹಳೇ ಉತ್ತರಪತ್ರಿಕೆಗಳ ದಾಸ್ತಾನಿಗೆ. ಪತ್ರಿಕೆ ಹೋಗಿ ಉತ್ತರಪತ್ರಿಕೆ ಬರೋದು. ಎರಡನ್ನೂ ಯಾರೂ ಎರಡನೇ ಸಲ ಓದಲ್ಲ ಅನ್ನೋದು ಬೇರೆ ಮಾತು.

ಈ ನಿಯಮ ಬರೆದೋರು ಆಫೀಸ್ ಸೂಪರಿಂಟೆಂಡೆಂಟರು. ಇಪ್ಪತ್ತೇಳು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ‘ನಿಯಮ’ದೊಳಗೆ ಯಮ ಯಾಕೆ ಸೇರ್ಕೊಂಡಿದಾನೆ ಅಂತ ಆ ಕಿಟಕಿ ಮುಂದೆ ಅರ್ಧ ದಿನ ನಿಂತೋರಿಗೆ ಚೆನ್ನಾಗಿ ಗೊತ್ತಾಗುತ್ತೆ. ಹಾಗಂತ ಕೆಟ್ಟೋರಲ್ಲ. ಗದರಲ್ಲ, ಕಾಡಿಸಲ್ಲ. ವಿನಾಯ್ತಿ ಅನ್ನೋ ಪದ ಮಾತ್ರ ಅವರ ನಿಘಂಟಿನಲ್ಲಿ ಅಚ್ಚಾಗೇ ಇಲ್ಲ.

ನಮ್ಮ ಕೋಣೆ ಅಂದ್ರೂ ಅಂಥ ಅರಮನೆ ಏನಲ್ಲ. ಮೆಟ್ಟಿಲ ಕೆಳಗಿನ ಸಂದು. ಚಾವಣಿ ಓರೆಯಾಗಿ ಇಳಿದಿರೋದ್ರಿಂದ ಎತ್ತರದೋರೆಲ್ಲ ಸಾಹಿತ್ಯಕ್ಕೆ ತಲೆ ಬಾಗಿಸಿಯೇ ಒಳಗೆ ಬರ್ಬೇಕು. ಸ್ಥಳಾಭಾವ ವಿಪರೀತ, ಭಾವ ಧಾರಾಳ. ಆದ್ರೆ ಸಂಪಾದಕಿಗೆ ಇರೋ ಜಾಗ ಅದೊಂದೇ. ಅವಳಮ್ಮ ಟೈಲರು. ಅವರ ಮನೇಲಿರೋದು ಒಂದು ರೂಮು, ಅದರಲ್ಲಿ ಮುಕ್ಕಾಲು ಪಾಲು ಹೊಲಿಗೆ ಮಿಷನ್ನಿಂದು, ಉಳಿದ ಕಾಲು ಪಾಲು ನಾಳೆಗೇ ಬೇಕು ಅಂದೋರ ಪ್ಯಾಂಟುಗಳದ್ದು. ಮೂರು ವರ್ಷದಿಂದ ಅವಳು ಓದಿದ್ದು, ಬರೆದಿದ್ದು, ಒಂದು ಸಲ ಅತ್ತಿದ್ದು, ಎಲ್ಲಾ ಆ ಮೆಟ್ಟಿಲಡಿಯಲ್ಲೇ. ನಾನು ಅವಳನ್ನ ಅಕ್ಕ ಅಂತೀನಿ. ರಕ್ತಸಂಬಂಧ ಅಲ್ಲ, ಶಾಯಿಸಂಬಂಧ.

ಕಾಲೇಜು ಅವಳನ್ನ ಕರೆಯೋದು ಕತ್ತರಿ ಅಂತ. ಯಾವ ಬರಹ ಬಂದ್ರೂ ಮೊದಲು ಮೇಲ್ಗಡೆ ಹೆಸರಿರೋ ತುಂಡು ಕತ್ತರಿಸಿ, ನಂಬರ್ ಹಾಕಿ, ಆಮೇಲೇ ಓದೋದು ಅವಳ ವ್ರತ. ಹೆಸರು ನೋಡಿ ಓದೋದು ಲಗ್ನಪತ್ರಿಕೆಯನ್ನ, ನಮ್ಮದು ಸಾಹಿತ್ಯಪತ್ರಿಕೆ, ಅಂತ ಅವಳ ವಾದ.

ನೋಟಿಸು ಓದಿದ್ಮೇಲೆ ಅವಳು ಕೂತಿದ್ದು ನಾನು ನೋಡ್ಲಿಲ್ಲ. ನಿಂತ್ಕೊಂಡೇ ಟೀ ಕುಡಿದ್ಲು, ನಡ್ಕೊಂಡೇ ಯೋಚನೆ ಮಾಡಿದ್ಲು. ಓಡಾಡೋಕೆ ನಾಲ್ಕೇ ಹೆಜ್ಜೆ ಜಾಗ ಇರೋ ಕೋಣೆಯಲ್ಲಿ ಐದನೇ ಹೆಜ್ಜೆ ಇಡೋಕೆ ಹೋಗಿ ಹಣೆ ತಗುಲಿಸ್ಕೊಂಡ್ಲು. ಆಮೇಲೆ ನನ್ನನ್ನೂ ಎಳ್ಕೊಂಡು ಬೀದಿಗಿಳಿದ್ಲು.

ಬರೆಯೋಕೆ ಯಾರಿಗೂ ಬೇಜಾರಿರ್ಲಿಲ್ಲ. ಎಲ್ಲರಿಗೂ ಭಯ ಹೆಸರಿನದ್ದು. ಕಟಿಂಗ್ ಶಾಪಿನ ಅಣ್ಣ ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚುತ್ತಲೇ ತನ್ನ ಹತ್ರ ಒಂದು ನೋಟ್‌ಬುಕ್ ಭರ್ತಿ ಪದ್ಯ ಇದೆ ಅಂತ ಒಪ್ಕೊಂಡ. “ಆದ್ರೆ ತಾಯಿ, ಅದನ್ನ ನಾನೇ ಬರೆದಿದ್ದು ಅಂತ ಊರಿಗೆ ಗೊತ್ತಾದ್ರೆ, ನಾಳೆಯಿಂದ ಯಾವನು ನನ್ನ ಕತ್ತಿಗೆ ಕತ್ತು ಕೊಡ್ತಾನೆ?” ಅಂದ. ಸೋಪು ಹಚ್ಚಿಸ್ಕೊಂಡೋನು ಸ್ವಲ್ಪ ನೆಟ್ಟಗಾದ.

ಅಲ್ಲೇ ಹೊಳೆದಿದ್ದು ಮಹಾಯೋಜನೆ. ಅಕ್ಕ ರಸ್ತೆ ಮಧ್ಯೆಯೇ ನಿಂತು ವಿವರಿಸಿದ್ಲು, ಹಿಂದೆ ಒಂದು ಆಟೋ ಹಾರ್ನ್ ಹೊಡೀತಾ ಅದಕ್ಕೆ ಸಹಮತ ಸೂಚಿಸ್ತು. ನಂಬರ್ ಹಾಕಿದ ಹಾಳೆಗಳು, ಪ್ರತಿ ಹಾಳೆಗೆ ಒಂದು ಹರಿಯೋ ಚೀಟಿ, ಚೀಟಿ ಮೇಲೂ ಅದೇ ನಂಬರ್. ಬರೆದೋರು ಹಾಳೆ ಡಬ್ಬಿಗೆ ಹಾಕಿ ಚೀಟಿ ತಾವಿಟ್ಕೋಬೇಕು. ಹೆಸರು ಎಲ್ಲೂ ಬೇಡ. ಕಾರ್ಯಕ್ರಮದ ದಿನ ಒಬ್ಬರದ್ದನ್ನ ಇನ್ನೊಬ್ಬರು ಓದೋದು. ಕೊನೇ ದಿನ ಚೀಟಿ ತಂದು ತೋರಿಸಿ ಸಹಿ ಹಾಕಿದ್ರೆ, ಯಾರು ಬರೆದ್ರು ಅನ್ನೋದು ಫಾರಮ್ಮಿಗೆ ಗೊತ್ತಾಗುತ್ತೆ, ಏನು ಬರೆದ್ರು ಅನ್ನೋದು ನಮ್ಮಿಬ್ಬರನ್ನ ಬಿಟ್ರೆ ದೇವರಿಗೂ ಗೊತ್ತಾಗಲ್ಲ. ಸೂಪರಿಂಟೆಂಡೆಂಟರ ಹತ್ರ ಹೋಗಿ ಕೇಳಿದ್ವಿ. ನಿಯಮ ತೆಗೆದು, ಬೆರಳಿಟ್ಟು ಎರಡು ಸಲ ಓದಿ, ಅಡ್ಡಿಯಿಲ್ಲ ಅಂದ್ರು.

ಡಬ್ಬಿ ಇಟ್ಟಿದ್ದು ಮೂರು ಕಡೆ. ಕಟಿಂಗ್ ಶಾಪು, ಕ್ಲಿನಿಕ್ಕು, ಬಸ್ ಡಿಪೋ. ಜನಕ್ಕೆ ಕಾಯೋ ಕೆಲಸ ಇರೋ ಜಾಗಗಳು. ಕಾಯೋನಿಗಿಂತ ದೊಡ್ಡ ಕವಿ ಇಲ್ಲ. ಹತ್ತೇ ದಿನಕ್ಕೆ ಅರವತ್ತೊಂದು ಹಾಳೆ ಬಂತು.

ನಾನು ಅರವತ್ತೊಂದನ್ನೂ ಓದಿಸಿಬಿಡೋಣ ಅಂದೆ. ಅಕ್ಕ ನನ್ನನ್ನ ಹೇಗೆ ನೋಡಿದ್ಲು ಅಂದ್ರೆ, ನಾನು ದೇವಸ್ಥಾನದೊಳಗೆ ಚಪ್ಪಲಿ ಹಾಕ್ಕೊಂಡು ಬಂದಿದೀನೇನೋ ಅನ್ನೋ ಹಾಗೆ. ಬೇಕಾಗಿರೋದು ನಲವತ್ತು, ಚೆನ್ನಾಗಿರೋದೂ ನಲವತ್ತು, ಉಳಿದಿದ್ದು ಜೊಳ್ಳು ಅಂದ್ಲು. ನಾಲ್ಕು ದಿನ ಹಾಳೆಗಳನ್ನ ನೆಲದ ಮೇಲೆ ಹರಡಿ, ದಾಟಿ, ಎತ್ತಿ, ಇಟ್ಟು, ಮತ್ತೆ ಎತ್ತಿ ಆರಿಸಿದ್ಲು. ಕೊನೆಗೆ ನಾನು ಗೋಗರೆದೆ. ಒಂದೆರಡಾದ್ರೂ ಹೆಚ್ಚಿಗೆ ಇಟ್ಕೋ ಅಕ್ಕ, ಯಾರಾದ್ರೂ ಸಹಿಗೆ ಬರದೇ ಹೋದ್ರೆ ಸ್ಟೆಪ್ನಿ ಥರ ಇರುತ್ತೆ ಅಂದೆ.

“ಸ್ಟೆಪ್ನಿ ಇರೋದು ಬಸ್ಸಿಗೆ ಕಣೋ. ಪತ್ರಿಕೆಗಲ್ಲ.”

ಉಪಸಂಪಾದಕನ ಹುದ್ದೆಯಲ್ಲಿ ‘ಉಪ’ ಇರೋದು ಇಂಥ ಹೊತ್ತಿಗೆ ಬಾಯಿ ಮುಚ್ಕೊಳ್ಳೋಕೆ. ಮುಚ್ಕೊಂಡೆ.

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ, ಡಿಪೋದ ವಿಶ್ರಾಂತಿ ಕೊಠಡಿಯಲ್ಲಿ. ಬಿಟ್ಟಿ ಸಿಕ್ಕಿದ್ದು ಅದೊಂದೇ. ಆದ್ರೆ ಅಲ್ಲಿ ವಿಶ್ರಾಂತಿ ಅನ್ನೋದು ಬೋರ್ಡಿನ ಮೇಲೆ ಮಾತ್ರ. ಐದೈದು ನಿಮಿಷಕ್ಕೆ ಮೈಕು ಕೂಗೋದು. ಅಕ್ಕ ಹದಿನೇಳನೇ ನಂಬರ್ ಪದ್ಯ ಅಂತ ಘೋಷಿಸಿದ್ರೆ, ಮೈಕು ಹದಿನೇಳನೇ ನಂಬರ್ ಬಸ್ಸು ಹೊರಡ್ತಿದೆ ಅನ್ನೋದು, ಅರ್ಧ ಸಭೆ ಗಂಟುಮೂಟೆ ಸಮೇತ ಎದ್ದು ಓಡೋದು. ಅಕ್ಕನ ಕಣ್ಣು ಹಾಳೆ ಮೇಲಿರ್ಲಿಲ್ಲ, ಬಾಗಿಲ ಮೇಲಿತ್ತು. ತಲೆ ಎಣಿಸೋಳು, ತಪ್ಪೋಳು, ಮತ್ತೆ ಮೊದಲಿಂದ. ಹೋದಷ್ಟೇ ಜನ ಇನ್ನೊಂದು ಬಸ್ಸಿಂದ ಇಳಿದು ಬರ್ತಿದ್ರು ಅನ್ನೋದು ಅವಳಿಗೆ ಕಾಣ್ಲೇ ಇಲ್ಲ.

ಕಂಡಕ್ಟರೊಬ್ಬ ಯಾರದ್ದೋ ಪ್ರೇಮಪತ್ರವನ್ನ ಟಿಕೆಟ್ ಟಿಕೆಟ್ ಅನ್ನೋ ಧಾಟಿಯಲ್ಲಿ ಓದಿದ. ಕ್ಷೌರಿಕರ ಬಾಯಿಬಡುಕತನದ ಮೇಲಿನ ಹರಟೆ ಕಟಿಂಗ್ ಶಾಪಿನ ಅಣ್ಣನ ಪಾಲಿಗೇ ಬಂತು. ಅವನು ಮಧ್ಯೆ ಮಧ್ಯೆ ನಿಲ್ಲಿಸಿ, ಇದು ಸುಳ್ಳು, ಇದೂ ಸುಳ್ಳು, ಇದು ಸ್ವಲ್ಪ ನಿಜ ಅಂತ ಟಿಪ್ಪಣಿ ಕೊಟ್ಟ. ಜನ ಬಿದ್ದೂ ಬಿದ್ದೂ ನಕ್ಕರು. ಆಮೇಲೆ ಕ್ಲಿನಿಕ್ಕಿನ ನರ್ಸಮ್ಮ ಇಪ್ಪತ್ತೆಂಟನೇ ನಂಬರ್ ಓದಿದ್ರು. ಸಂಜೆ ಐದಕ್ಕೆ ಕೆಲಸ ಮುಗಿಸಿ ಮನೆಗೆ ಹೋಗೋಕೆ ಮನಸ್ಸಿಲ್ಲದೆ ಅದೇ ಬೀದೀಲಿ ಮೂರು ಸುತ್ತು ಹಾಕೋ ಒಬ್ಬ ಮನುಷ್ಯನ ಕಥೆ. ಒಂದೇ ಪುಟ. ಮೈಕು ಕೂಗ್ತು, ಬಸ್ಸು ಹೊರಡ್ತು, ಯಾರೂ ಏಳ್ಲಿಲ್ಲ.

ಅವತ್ತು ಅಕ್ಕ ಗೆದ್ದಳು ಅಂತ ನಾನು ಅಂದ್ಕೊಂಡೆ. ಅವಳು ಮಾತ್ರ ದಾರಿಯುದ್ದಕ್ಕೂ, ಚೀಟಿ ಕಳ್ಕೊಂಡಿದ್ರೆ? ಊರಿಗೆ ಹೋಗಿದ್ರೆ? ನಾಚ್ಕೊಂಡ್ರೆ? ಅಂತ ಮೂರೂ ಪ್ರಶ್ನೆಯನ್ನ ಸರದಿ ಮೇಲೆ ಕೇಳ್ತಾ ಬಂದ್ಲು.

ತಿಂಗಳ ಕೊನೇ ದಿನ ಬೆಳಿಗ್ಗೆ ಹತ್ತಕ್ಕೇ ಫಾರಂ ಬಿಡಿಸಿಟ್ಕೊಂಡು ಮೆಟ್ಟಿಲಡಿ ಕೂತ್ವಿ. ಅಂದ್ರೆ ನಾನು ಕೂತೆ. ಚೀಟಿಗಳು ಒಂದೊಂದಾಗಿ ಬಂದ್ವು. ಪರ್ಸಿನಿಂದ, ಮೊಬೈಲ್ ಕವರಿನಿಂದ, ಒಬ್ಬರ ಕಾಲುಚೀಲದಿಂದ. ಕಟಿಂಗ್ ಶಾಪಿನ ಅಣ್ಣ ಆ ಕಡೆ ಈ ಕಡೆ ನೋಡಿ, ಕಳ್ಳಮಾಲು ಕೊಡೋನ ಹಾಗೆ ಚೀಟಿ ಜಾರಿಸಿ, ಸಹಿ ಹಾಕಿ ಓಡಿದ. ಮಧ್ಯಾಹ್ನಕ್ಕೆ ಮೂವತ್ತೊಂದು. ಎರಡು ಗಂಟೆಗೆ ಮೂವತ್ತಾರು.

ಮೂರಕ್ಕೆ ಬಂದಿದ್ದು ಅಕ್ಕನ ಅಮ್ಮ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು. ಮೇಜಿನ ಮೇಲೆ ಒಂದು ಚೀಟಿ ಇಟ್ರು. ಐವತ್ತೆರಡು.

ಅಕ್ಕ ಪಟ್ಟಿ ನೋಡಿದ್ಲು. ಅವಳಿಗೆ ನೋಡೋ ಅಗತ್ಯವೇ ಇರ್ಲಿಲ್ಲ, ನಲವತ್ತೂ ನಂಬರ್ ಬಾಯಿಪಾಠ. ಆದ್ರೂ ಬೆರಳಿಟ್ಟು ಮೇಲಿಂದ ಕೆಳಗೆ ನಿಧಾನಕ್ಕೆ ನೋಡಿದ್ಲು. ಐವತ್ತೆರಡು ಇರ್ಲಿಲ್ಲ.

“ಗೊತ್ತು ಕಣೇ,” ಅಂದ್ರು ಅಮ್ಮ. “ಅವತ್ತು ಹಿಂದಿನ ಬೆಂಚಲ್ಲಿ ಕೂತು ಕೇಳಿಸ್ಕೊಂಡೆ, ನಂದು ಬರ್ಲಿಲ್ಲ. ದಿನಾ ಬಟ್ಟೆ ಕತ್ತರಿಸೋಳಿಗೆ ಯಾವುದು ತುಂಡು, ಯಾವುದು ಚಿಂದಿ ಅಂತ ತಿಳಿಯಲ್ವಾ? ಚೀಟಿ ಇಟ್ಕೊಂಡು ನಾನೇನು ಮಾಡ್ಲಿ ಅಂತ ಕೊಡೋಕೆ ಬಂದೆ.” ಆಮೇಲೆ ಊಟ ಮಾಡಿದ್ಯಾ ಅಂತ ಕೇಳಿ, ಉತ್ತರಕ್ಕೆ ಕಾಯದೆ ಹೋದ್ರು.

ಅಕ್ಕ ಸ್ವಲ್ಪ ಹೊತ್ತು ಅಲ್ಲಾಡ್ಲಿಲ್ಲ. ಇಡೀ ತಿಂಗಳಲ್ಲಿ ಅವಳು ಒಂದೇ ಕಡೆ ನಿಂತಿದ್ದು ಆಗ.

ನಾಲ್ಕಕ್ಕೆ ಮೂವತ್ತೊಂಬತ್ತು. ಬಾಕಿ ಇದ್ದಿದ್ದು ಇಪ್ಪತ್ತೆಂಟು ಒಂದೇ. ನಾನು ಡಿಪೋಗೆ ಓಡಿದೆ, ಕ್ಲಿನಿಕ್ಕಿಗೆ ಓಡಿದೆ, ಇಪ್ಪತ್ತೆಂಟು ಯಾರದ್ದು ಇಪ್ಪತ್ತೆಂಟು ಯಾರದ್ದು ಅಂತ ಹರಾಜು ಕೂಗೋನ ಹಾಗೆ ಕೂಗಿದೆ. ಯಾರೂ ಕೈ ಎತ್ಲಿಲ್ಲ. ವಾಪಸ್ ಬಂದಾಗ ನಾಲ್ಕೂ ನಲವತ್ತು, ಸೂಪರಿಂಟೆಂಡೆಂಟರು ತಲೆ ಬಾಗಿಸಿ ಒಳಗೆ ಬಂದು ನನ್ನ ಕುರ್ಚಿಯಲ್ಲಿ ಕೂತಿದ್ರು. ಫಾರಂ ವಸೂಲಿಗೆ ಬಂದಿದಾರೆ ಅಂದ್ಕೊಂಡೆ.

ಇನ್ನೊಬ್ಬರು ಬರ್ಬೇಕು ಸಾರ್, ಐದು ಹೊಡೆಯೋವರೆಗೂ ಟೈಮಿದೆ ಅಂದ್ಲು ಅಕ್ಕ.

“ಬರಲ್ಲಮ್ಮ,” ಅಂದ್ರು ಅವರು. ಕನ್ನಡಕದ ಡಬ್ಬಿ ತೆಗೆದು, ಅದರ ತಳದಿಂದ ನಾಲ್ಕು ಮಡಿಕೆಯ ಚೀಟಿ ಬಿಡಿಸಿ ಇಟ್ರು. ಇಪ್ಪತ್ತೆಂಟು. “ಮಂಡಿನೋವು ಅಂತ ಕ್ಲಿನಿಕ್ಕಿನಲ್ಲಿ ಕಾಯ್ತಿದ್ದೆ. ಪಕ್ಕದಲ್ಲಿ ಹಾಳೆ ಇತ್ತು, ಹೆಸರು ಬೇಡ ಅಂತ ಬರೆದಿತ್ತು. ಇಷ್ಟು ವರ್ಷದಲ್ಲಿ ಹೆಸರು ಕೇಳದ ಫಾರಂ ನೋಡಿದ್ದು ನಾನು ಅದೇ ಮೊದಲು. ನಲವತ್ತರಲ್ಲಿ ಒಂದಾಗುತ್ತೆ ಅಂತ ಯಾರು ಕಂಡಿದ್ರು?”

ನನ್ನ ತಲೆ ರೈಲಿನ ಹಾಗೆ ಓಡ್ತು. ಭಾನುವಾರ ರಜೆ, ರಜೆ ದಿನ ನೀವು ಹೊರಗಿನೋರೇ ಅಲ್ವಾ ಸಾರ್ ಅಂದೆ. ರಜೆಯಲ್ಲಿರೋನೂ ನೌಕರನೇ, ಹದಿನಾಲ್ಕು ಬಿ, ನಾನೇ ಸೇರಿಸಿದ್ದು ಅಂದ್ರು. ನಿವೃತ್ತರಾದ್ರೆ ಹೊರಗಿನೋರಂತೆ, ಆದ್ರೆ ಅದಕ್ಕೆ ಇನ್ನೂ ನಾಲ್ಕು ತಿಂಗಳಿದೆ. ಬಿಟ್ಟ ಇಪ್ಪತ್ತೊಂದರಲ್ಲಿ ಒಂದನ್ನ ಈಗಲೇ ಈ ಮೆಟ್ಟಿಲಡಿಯಲ್ಲೇ ಓದಿಬಿಡ್ತೀವಿ ಅಂದೆ. ‘ಒಂದೇ ಕಾರ್ಯಕ್ರಮ’ ಅಂತಿದೆ, ಅದು ಭಾನುವಾರ ಮುಗೀತು ಅಂದ್ರು. ನಿಯಮದ ಪುಸ್ತಕ ಅವರ ಬಗಲಲ್ಲೇ ಇತ್ತು. ನನಗಿಂತ ಆತುರವಾಗಿ ಅವರೇ ಪುಟ ತಿರುವ್ತಿದ್ರು. ಪ್ರತಿ ಕಿಂಡಿಯನ್ನೂ ಒಂದೊಂದು ವರ್ಷ ಒಬ್ಬೊಬ್ಬ ಬುದ್ಧಿವಂತ ನುಸುಳೋಕೆ ಹೋದಾಗ ಅವರೇ ಮುಚ್ಚಿದ್ರು.

ಕೊನೆಗೆ ನಾನು ಸ್ವರ ತಗ್ಗಿಸಿ, ಇಪ್ಪತ್ತೆಂಟು ನಿಮ್ಮದು ಅಂತ ಗೊತ್ತಿರೋದು ಮೂರೇ ಜನಕ್ಕೆ, ಚೀಟಿಯನ್ನ ನಿಮ್ಮ ಮನೆಯೋರ ಕೈಗೆ ಕೊಟ್ರೆ ಅವರು ಸಹಿ ಹಾಕ್ಬಹುದಲ್ಲ ಸಾರ್ ಅಂದೆ.

ಅವರು ಇಲ್ಲ ಅನ್ಲಿಲ್ಲ. ಇಪ್ಪತ್ತೇಳು ವರ್ಷ ಅದೇ ಕುರ್ಚಿಯಲ್ಲಿ ಕೂತ ಮನುಷ್ಯ, ಪುಸ್ತಕ ಮುಚ್ಚಿ, ಅಕ್ಕನ ಮುಖ ನೋಡಿದ್ರು.

ಅಕ್ಕ ಓಡಾಡ್ತಾನೇ ಇದ್ಲು. ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ. ಗೋಡೆಗೆ ಒರಗಿಸಿಟ್ಟ ಹಳೇ ಸಂಚಿಕೆಗಳನ್ನ ಕಾಲಿಂದ ಸರಿ ಮಾಡಿದ್ಲು. ಆಮೇಲೆ ನಿಂತು, “ಬರೆದಿದ್ದು ಒಬ್ಬರು, ಹೆಸರು ಇನ್ನೊಬ್ಬರದ್ದು. ಹೋದ ವರ್ಷ ಇದೇ ಕೆಲಸಕ್ಕೆ ಒಬ್ಬನ ಕಥೆ ಕಸದಬುಟ್ಟಿಗೆ ಹಾಕಿದೀನಿ ಸಾರ್,” ಅಂದ್ಲು.

“ಹೌದು,” ಅಂದ್ರು ಅವರು. ಚೀಟಿಯನ್ನ ಮತ್ತೆ ಮಡಚ್ತಾ, “ನನ್ನ ಕಥೆಯ ಕೊನೇ ಸಾಲು ನೀನು ಕತ್ತರಿಸಿದ್ದೆ ಅಲ್ವಾ?” ಅಂತ ಕೇಳಿದ್ರು.

“ಅದು ಬೇಕಿರ್ಲಿಲ್ಲ.”

“ಬೇಕಿರ್ಲಿಲ್ಲ,” ಅಂತ ಒಪ್ಕೊಂಡ್ರು.

ಕಾಲೇಜಿನ ಗಂಟೆ ಐದು ಹೊಡೀತು. ಅವರು ಫಾರಮ್ಮನ್ನ ತಮ್ಮ ಕಡೆಗೆ ತಿರುಗಿಸ್ಕೊಂಡ್ರು. ಒಟ್ಟು ಸಂಖ್ಯೆ, ಅಂಕಿಯಲ್ಲಿ, ಅನ್ನೋ ಕಡೆ 39 ಅಂತ ಬರೆದ್ರು. ಅಕ್ಷರದಲ್ಲಿ, ಅನ್ನೋ ಕಡೆ ಅವರ ಪೆನ್ನು ಕಾಗದದ ಮೇಲೆ ಊರಿ ನಿಂತು, ಒಂದು ಸಣ್ಣ ಚುಕ್ಕೆ ದೊಡ್ಡದಾಗ್ತಾ ಬಂತು. ಆಮೇಲೆ ದುಂಡಗೆ, ಒಂದೂ ತಿದ್ದಿಲ್ಲದೆ, ‘ಮೂವತ್ತೊಂಬತ್ತು ಮಾತ್ರ’ ಅಂತ ಬರೆದು, ಕೆಳಗೆ ಸಂಪಾದಕರ ಸಹಿ ಬೇಕಮ್ಮ ಅಂತ ಪೆನ್ನನ್ನ ಅವಳ ಕೈಗೆ ಕೊಟ್ರು.