ಕಳೆದ ವರ್ಷದ ಗೆರೆ

ಗೋಡೆಯ ಮೇಲಿನ ಕೆಂಪು ಗೆರೆ ಇನ್ನೂ ಒಣಗಿರಲಿಲ್ಲ. ಚಿತ್ರಗಾರನ ಅತ್ತಿಗೆ ಕೆಸರುಗಾಲಲ್ಲೇ ಒಳಗೆ ಬಂದು, ಬುಟ್ಟಿ ಕೆಳಗಿಟ್ಟು, ಅದನ್ನೇ ನೋಡುತ್ತ ನಿಂತಳು.

ಹೊಳೆ ಕಡಲು ಸೇರುವ ಈ ಅಳಿವೆ ಯಾರೊಬ್ಬರ ಸ್ವತ್ತೂ ಅಲ್ಲ. ಚಿಪ್ಪುಮೀನು ಆಯುವ ನಲವತ್ತು ಮನೆಗಳೂ, ಹಳೆಯ ಬಲೆಗೋದಾಮಿನಲ್ಲಿ ಕೆಲಸ ಮಾಡುವ ಏಳು ಮಂದಿ ಕಲಾವಿದರೂ ಸೇರಿ ಅದನ್ನು ನೋಡಿಕೊಳ್ಳುತ್ತಾರೆ. ನೆರೆ ಇಳಿಯುವಷ್ಟರಲ್ಲಿ ಹೊಳೆ ಪ್ರತಿ ವರ್ಷವೂ ದಾರಿ ಬದಲಿಸಿರುತ್ತದೆ. ಆಗ ಚಿತ್ರಗಾರ ಕೆಸರಿನಲ್ಲಿ ನಡೆದು, ಮರಿಚಿಪ್ಪು ಎಲ್ಲಿ ಕೂತಿದೆಯೆಂದು ಕೈಯಾಡಿಸಿ ನೋಡಿ, ಗೋದಾಮಿನ ಗೋಡೆಗೆ ನಕ್ಷೆ ಬರೆಯಬೇಕು. ಕೆಂಪು ಗೆರೆಯ ಒಳಗೆ ಆ ವರ್ಷ ಯಾರೂ ಕೈ ಹಾಕುವಂತಿಲ್ಲ. ನಾಳೆ ಬೆಳಗಿನ ಕಡಲಿಳಿತಕ್ಕೆ ಆಯುವುದು ಶುರು.

ಹನ್ನೊಂದು ವರ್ಷದಿಂದ ಅವನದು ಇದೇ ಕೆಲಸ. ಈ ಸಲ ಮಂಡಿನೋವಿನಿಂದ ಅವನು ಕೆಸರಿಗೆ ಇಳಿದಿರಲಿಲ್ಲ. ಕಳೆದ ವರ್ಷದ ಗೆರೆಯ ಮೇಲೇ ಹೊಸ ಬಣ್ಣ ಎಳೆದಿದ್ದ.

"ಕೆಸರಿಗೆ ಇಳಿದಿದ್ಯಾ?" ಅತ್ತಿಗೆ ಕೇಳಿದಳು.

"ಹೂಂ."

"ಚಪ್ಪಲಿ ನೋಡಿದ್ರೆ ಮದುಮಗನ ಚಪ್ಪಲಿ ಇದ್ದಂಗಿದೆ."

ಅವನು ಕುಂಚ ತೊಳೆಯುತ್ತಲೇ ಇದ್ದ. ಅವಳು ಬುಟ್ಟಿಯ ತಳದಿಂದ ಒಂದು ಹಿಡಿ ಕೆಸರು ತೆಗೆದು ಅವನ ಅಂಗೈಗೆ ಸುರಿದಳು. ಅದರ ತುಂಬ ಉಗುರಿಗಿಂತ ಚಿಕ್ಕ ಮರಿಗಳು.

"ಮುರುಕು ದೋಣಿಯ ಆಚೆ ಸಿಕ್ಕಿದ್ದು. ನಿನ್ನ ಗೆರೆಯಿಂದ ಹೊರಗೆ. ನಾಳೆ ಎಲ್ಲರೂ ಅಲ್ಲೇ ಗುದ್ದಲಿ ಹಾಕ್ತಾರೆ. ಬರೋ ವರ್ಷ ಏನು, ನಿನ್ನ ಬಣ್ಣ ಬೇಯಿಸ್ಕೊಂಡು ತಿನ್ನೋದಾ?"

ಅಣ್ಣ ತೀರಿಕೊಂಡಾಗಿನಿಂದ ಅವಳು ಆಯುತ್ತಿದ್ದದ್ದು ಅಲ್ಲೇ. ಅದಕ್ಕಿಂತ ದೂರ ಅವಳ ಕಾಲೂ ಹೋಗುತ್ತಿರಲಿಲ್ಲ.

"ಗೆರೆ ಅಲ್ಲಿಗೆ ಬಂದ್ರೆ ನೀವೆಲ್ಲಿ ಆಯ್ತೀರಿ ಅತ್ತಿಗೆ?"

"ನಿನ್ನ ಸೋಮಾರಿತನ ನನ್ನ ತಲೆಗೆ ಕಟ್ಟಬೇಡ."

ಅವನು ಗೋಡೆಯ ಕಡೆ ತಿರುಗಿದ. "ಗೆರೆ ತಪ್ಪು ಅಂತ ಒಂದ್ಸಲ ಗೊತ್ತಾದ್ರೆ, ಆಮೇಲೆ ಯಾರು ನಂಬ್ತಾರೆ?"

"ಗೊತ್ತಾಗದಿದ್ರೆ ನಂಬ್ತಾರೆ. ನಂಬಿ ಕೆಡ್ತಾರೆ."

ಸಂಜೆಯ ಇಳಿತಕ್ಕೆ ಇಬ್ಬರೂ ಹೊಸ ಗಡಿ ಗುರುತಿಸಲು ಗೂಟಗಳ ಕಟ್ಟು ಹೊತ್ತು ಇಳಿದರು. ಅವಳು ಬಗ್ಗಿ ಕೆಸರು ಮುಟ್ಟಿ ಹೇಳುವಳು, ಅವನು ಗೂಟ ಬಡಿಯುವನು. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತಿತ್ತು.

"ನಮ್ಮಿಬ್ಬರ ಕಾಲು ಸೇರಿಸಿದ್ರೆ ಒಂದು ನೆಟ್ಟಗಿನ ಕಾಲಾದೀತು," ಅಂದಳು.

ಮುರುಕು ದೋಣಿಯ ಹತ್ತಿರ ಅವನ ಕೈ ನಿಂತಿತು. ಅವಳೇ ಗೂಟ ತೆಗೆದುಕೊಂಡು ತನ್ನ ಜಾಗದ ಆಚೆ ಅಂಚಿಗೆ ನಡೆದು ಊರಿದಳು. "ಬಡಿ," ಅಂದಳು. ಅವನು ಬಡಿದ.

ಗೋದಾಮಿಗೆ ಮರಳಿದಾಗ ಜನ ನಕ್ಷೆ ನೋಡಲು ಸೇರಿದ್ದರು. ಅವನು ಎಲ್ಲರೆದುರೇ ಹಳೆಯ ಗೆರೆಗೆ ಸುಣ್ಣ ಬಳಿದು, ಅತ್ತಿಗೆಯ ಜಾಗವೂ ಒಳಬರುವಂತೆ ಹೊಸ ಗೆರೆ ಎಳೆದ. "ನಡೆಯದೆ ಬರೆದಿದ್ದೆ. ತಪ್ಪು ನನ್ನದು," ಅಂದ. ಯಾರೂ ಬಯ್ಯಲಿಲ್ಲ. ನೆರೆ ಕಳೆದ ಮೇಲೆ ಬಯ್ಯಲೂ ಆಗದಷ್ಟು ಎಲ್ಲರೂ ದಣಿದಿದ್ದರು. ಬಲೆ ಹೆಣೆಯುವ ಮುದುಕ ಮಾತ್ರ, "ಇನ್ಮೇಲೆ ಇವನ ಜೊತೆ ಇನ್ನೊಬ್ಬರು ನಡೀಲಿ. ಯಾರು ಹೋಗ್ತೀರಿ?" ಎಂದ.

ಎಲ್ಲರೂ ತಂತಮ್ಮ ಕಾಲು ನೋಡಿಕೊಂಡರು.

"ನಾನೇ ಹೋಗ್ತೀನಿ," ಅತ್ತಿಗೆ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು. "ಈ ವರ್ಷ ನನಗೆ ಬೇರೆ ಕೆಲಸ ಏನಿದೆ?"